ವೀಸಾ ಬೇಡದ ನಡುಗಡ್ಡೆಗಳು

ಸ್ವಾಲ್‌ಬಾರ್ಡ್ ಎಂಬ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು 2020ರ ಏಪ್ರಿಲ್‌ನಲ್ಲಿ. ಅಮೆರಿಕದ ವೆಸ್ಟ್ ಕೊವಿನಾದ ಮನೆಯೊಳಗೆ ನಾವು ಮೂವರೂ ಬಾಗಿಲು ಹಾಕಿಕೊಂಡು ಕೂತಿದ್ದ ದಿನಗಳು. ಗಂಡನ ಮೀಟಿಂಗು ಮಲಗುವ ಕೋಣೆಯಲ್ಲಿ, ಒಂದು ಸಿವಿಲ್ ಕಂಪನಿಗಾಗಿ ನಾನು ಮಾಡುವ ಡ್ರಾಯಿಂಗ್ ಕೆಲಸ ಅಡುಗೆಮನೆಯ ಕಟ್ಟೆಯ ಮೇಲೆ, ಹದಿನೇಳರ ಮಗಳ ಶಾಲೆ ಊಟದ ಟೇಬಲ್ಲಿನ ಮೇಲೆ. ಒಂದು ಮಧ್ಯಾಹ್ನ ಅವಳು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, "ಮಮ್ಮಿ, ಈ ಗೆರೆ ಇಲ್ಲಿ ಯಾಕೆ ತುಂಡು ತುಂಡಾಗಿದೆ?" ಎಂದು ಕೇಳಿದಳು.

ಅವಳು ಕೇಳಿದ್ದು ಇಂಗ್ಲಿಷಿನಲ್ಲಿ. ಧಾರವಾಡದಲ್ಲಿ ಹುಟ್ಟಿ, ನಾಲ್ಕು ತುಂಬಿದಾಗ ನಮ್ಮ ಜೊತೆ ಇಲ್ಲಿಗೆ ಬಂದವಳು. ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಗೆ ಬರುವುದು ಇಂಗ್ಲಿಷ್. ಇಲ್ಲಿ ಬರೆದಿರುವ ಅವಳ ಮಾತುಗಳಲ್ಲಿ ಹೆಚ್ಚಿನವು ಹಾಗೆ ಆಡಿದವೇ. ಅವಳು ನಿಜಕ್ಕೂ ಕನ್ನಡದಲ್ಲಿ ಹೇಳಿದ ನಾಲ್ಕಾರು ಮಾತುಗಳನ್ನು ನಾನು ಮರೆತಿಲ್ಲ.

ತೆರೆಯ ಮೇಲಿದ್ದದ್ದು ಒಂದು ಹಳೆಯ ನಕ್ಷೆ. ಉತ್ತರ ಧ್ರುವಕ್ಕೂ ನಾರ್ವೆಗೂ ನಡುವೆ ಇರುವ ಒಂದು ದ್ವೀಪಗಳ ಗುಂಪು. ಅಲ್ಲಿಯ ಹಳೆಯ ನಕ್ಷೆಗಳಲ್ಲಿ ಹಿಮನದಿಗಳ ಅಂಚನ್ನು ಕಂಪ್ಯೂಟರಿನಲ್ಲಿ ಗೆರೆ ಎಳೆದು ಗುರುತಿಸಿ, ಈಗಿನ ಉಪಗ್ರಹ ಚಿತ್ರಗಳ ಮೇಲೆ ಕೂರಿಸಿ, ಹಿಮ ಎಷ್ಟು ಹಿಂದಕ್ಕೆ ಸರಿದಿದೆ ಎಂದು ನೋಡುವ ಕೆಲಸಕ್ಕೆ ಸ್ವಯಂಸೇವಕರು ಬೇಕಾಗಿದ್ದರಂತೆ. ಅವಳ ವಿಜ್ಞಾನದ ಟೀಚರ್ ಇವಳ ಹೆಸರು ಕೊಟ್ಟಿದ್ದರು.

ಮದುವೆಗೆ ಮೊದಲು ನಾನು ಧಾರವಾಡದ ಒಂದು ನೀರಾವರಿ ಕಚೇರಿಯಲ್ಲಿ ಟ್ರೇಸರ್ ಆಗಿದ್ದೆ. ಒಂದೇ ಎತ್ತರದ ಜಾಗಗಳನ್ನು ಕೂಡಿಸುತ್ತ ಹೋಗುವ ಕಾಂಟೂರ್ ಗೆರೆಗಳನ್ನು ಇಂಕಿನಲ್ಲಿ ಎಳೆಯುವುದೇ ನನ್ನ ಹೊಟ್ಟೆಪಾಡು. ನಾನು ಕೈ ಒರೆಸಿಕೊಂಡು ಬಗ್ಗಿ ನೋಡಿದೆ.

"ಇಲ್ಲಿ ಸರ್ವೇದವ್ರು ಕಾಲು ಇಟ್ಟಿಲ್ಲ," ಎಂದೆ. "ದೂರ ನಿಂತು ನೋಡಿ ಊಹಾ ಮಾಡ್ಯಾರ. ಖಾತ್ರಿ ಇದ್ದಲ್ಲಿ ಪೂರಾ ಗೆರಿ, ಇಲ್ಲದಲ್ಲಿ ತುಂಡು ಗೆರಿ."

"ನೀಲಿ ಯಾಕೆ?"

"ನೆಲದ ಮ್ಯಾಲಿಂದು ಕಂದು, ಬರ್ಫದ ಮ್ಯಾಲಿಂದು ನೀಲಿ."

ಅವಳು ನನ್ನ ಮುಖವನ್ನೇ ನೋಡಿದಳು. ಹದಿಮೂರು ವರ್ಷ ನಾನು ಅವಳಿಗೆ ಡಬ್ಬಿ ಕಟ್ಟಿದ್ದೆ, ಕಾರು ಡ್ರೈವ್ ಮಾಡಿದ್ದೆ, ಹೋಮ್‌ವರ್ಕಿಗೆ ಸಹಿ ಹಾಕಿದ್ದೆ. ನನಗೊಂದು ವಿದ್ಯೆ ಗೊತ್ತು ಎಂದು ಅವಳಿಗೆ ತಿಳಿದದ್ದು ಆವತ್ತು.

ಆಮೇಲಿನ ಎರಡು ವರ್ಷ ನಾವಿಬ್ಬರೂ ಆ ನಡುಗಡ್ಡೆಗಳಲ್ಲೇ ಓಡಾಡಿದೆವು. ಪಶ್ಚಿಮದ ದೊಡ್ಡ ದ್ವೀಪ ಸ್ಪಿಟ್ಸ್‌ಬರ್ಗೆನ್. ಹಾಗೆಂದರೆ ಚೂಪು ಬೆಟ್ಟಗಳು. ದಕ್ಷಿಣದಿಂದ ಬರುವ ಬೆಚ್ಚನೆಯ ಪ್ರವಾಹ ತಾಗುವುದರಿಂದ ಅದರ ಪಡುವಣ ತೀರಕ್ಕೆ ಹಡಗು ಹೋಗುತ್ತದೆ. ಮೂಡಣ ತೀರಕ್ಕೆ ತಣ್ಣೀರು ಬಡಿಯುತ್ತದೆ, ಬೇಸಿಗೆಯಲ್ಲೂ ಹಿಮದ ತುಂಡುಗಳು ತೇಲುತ್ತವೆ. ಈಶಾನ್ಯದ ದ್ವೀಪದ ಮೇಲೆ ಒಂದು ತಾಲೂಕನ್ನೇ ಮುಚ್ಚುವಷ್ಟು ಅಗಲದ ಹಿಮದ ಹೊದಿಕೆ. ಒಟ್ಟು ನೆಲದಲ್ಲಿ ಅರ್ಧಕ್ಕಿಂತ ಹೆಚ್ಚು ಹಿಮದಡಿಗಿದೆ. ಮರವೆಂಬುದಿಲ್ಲ. ಅಲ್ಲಿಯ ಹಿಮಸಾರಂಗದ ಕಾಲು ಸಹ ಗಿಡ್ಡ.

ಅಲ್ಲಿಗೆ ಹೋದವರ ಕತೆಗಳನ್ನು ಅವಳು ಓದಿ ಹೇಳುತ್ತಿದ್ದಳು, ನಾನು ಪಲ್ಯ ಹೆಚ್ಚುತ್ತ ಕೇಳುತ್ತಿದ್ದೆ. ಚೀನಾಕ್ಕೆ ಉತ್ತರದಿಂದ ದಾರಿ ಹುಡುಕುತ್ತ ಬಂದ ಡಚ್ಚರು ಮೊದಲು ಈ ಬೆಟ್ಟಗಳನ್ನು ಕಂಡು, ಗ್ರೀನ್‌ಲ್ಯಾಂಡೇ ಸಿಕ್ಕಿತು ಎಂದುಕೊಂಡರು. ಅವರ ಹಿಂದೆ ತಿಮಿಂಗಿಲ ಬೇಟೆಯವರು ಬಂದು, ವಾಯವ್ಯದ ಒಂದು ದ್ವೀಪದ ಚಪ್ಪಟೆ ದಡದಲ್ಲಿ ತಾಮ್ರದ ಹಂಡೆ ಹೂಡಿ ಕೊಬ್ಬು ಕಾಯಿಸಿದರು. ಅಲ್ಲೇ ಸತ್ತವರ ಗೋರಿಗಳನ್ನು ಶತಮಾನಗಳ ಮೇಲೆ ತೆರೆದಾಗ ತಲೆಯ ಮೇಲಿನ ಉಣ್ಣೆ ಟೊಪ್ಪಿಗೆ ಹಾಗೇ ಇತ್ತಂತೆ. ಚಳಿಗಾಲವೆಲ್ಲ ಗುಡಿಸಲಲ್ಲಿ ಕಳೆದು ನರಿ, ಕರಡಿ ಹಿಡಿದವರು ಒಂದಷ್ಟು ಜನ. ಕಲ್ಲಿದ್ದಲು ಅಗೆದವರು ಇನ್ನೊಂದಷ್ಟು ಜನ. ಮೂವರು ಬಲೂನಿನಲ್ಲಿ ಧ್ರುವಕ್ಕೆ ಹೋಗುತ್ತೇವೆಂದು ಅಲ್ಲಿಂದ ಹಾರಿದರು. ಮೂವತ್ತು ವರ್ಷ ಕಳೆದ ಮೇಲೆ, ಮೂಡಣ ತುದಿಯ ಬಿಳಿ ದ್ವೀಪದಲ್ಲಿ ಅವರ ಎಲುಬು, ಡೈರಿ, ಫೋಟೋ ಫಿಲ್ಮು ಸಿಕ್ಕವು.

ಬಲೂನಿನವರ ಕತೆ ಹೇಳುವಾಗ ಅವಳ ಕಣ್ಣು ಹೊಳೆಯುತ್ತಿತ್ತು. ನನಗೆ ಬಂದದ್ದು ಬೇರೆ ಯೋಚನೆ. ಇಷ್ಟು ಜನ ಹೋದರಲ್ಲ, ಒಬ್ಬರನ್ನಾದರೂ ಯಾರಾದರೂ ಕಾಗದ ತೋರಿಸು ಎಂದರೇ?

ಏಕೆಂದರೆ ನಮ್ಮ ಮನೆಯಲ್ಲಿ ಆಗ ಕಾಗದದ್ದೇ ಮಾತು. ಗಂಡನದು ಕೆಲಸದ ವೀಸಾ, ಅವರ ಬಾಲಕ್ಕೆ ಕಟ್ಟಿದ್ದು ನನ್ನದು, ಮಗಳದು. ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿ ವರ್ಷಗಳಾಗಿದ್ದವು, ಭಾರತದಲ್ಲಿ ಹುಟ್ಟಿದವರ ಸಾಲು ಮುಂದೆ ಸರಿಯುತ್ತಿರಲಿಲ್ಲ. ನನಗೆ ನಡುವೆ ಕೆಲಸದ ಪರ್ಮಿಟ್ ಸಿಕ್ಕಿತು. ಮಗಳಿಗೆ ಅದೂ ಇಲ್ಲ. ಗೆಳತಿಯರು ಬೇಸಿಗೆ ರಜೆಯಲ್ಲಿ ಐಸ್‌ಕ್ರೀಮ್ ಅಂಗಡಿಯಲ್ಲಿ ದುಡಿದರೆ ಇವಳು ಹೊರಗೆ ಕಾರಿನಲ್ಲಿ ಕೂತು ಅವರಿಗಾಗಿ ಕಾಯುತ್ತಿದ್ದಳು. ಬಿಟ್ಟಿ ಸೇವೆ ಮಾಡಬಹುದು, ಸಂಬಳದ ಕೆಲಸ ಮಾಡುವಂತಿಲ್ಲ. ಇಪ್ಪತ್ತೊಂದು ತುಂಬಿದ ದಿನ ಅವಳು ಮಗಳೆಂಬ ಲೆಕ್ಕದಿಂದಲೂ ಹೊರಗೆ.

ಹತ್ತಿರದ ಪೊಮೊನಾದ ಯೂನಿವರ್ಸಿಟಿಯಲ್ಲಿ ಭೂವಿಜ್ಞಾನ ಸೇರಿದಳು. ಎರಡನೆಯ ವರ್ಷದಲ್ಲಿ ಒಂದು ಸಂಜೆ ನನ್ನನ್ನು ಕೂಗಿ ಕರೆದು ಎರಡು ಚಿತ್ರ ತೋರಿಸಿದಳು. ಒಂದು ಹಳೆಯ ನಕ್ಷೆ, ಸ್ಪಿಟ್ಸ್‌ಬರ್ಗೆನ್ನಿನ ಮೂಡಣ ತೀರದ್ದು. ಸಮುದ್ರಕ್ಕೆ ಚಾಚಿಕೊಂಡ ಒಂದು ಕಲ್ಲು ಮೂಗು, ಅದರ ಬೆನ್ನಿಗೆ ಹಿಮನದಿ. ಇನ್ನೊಂದು ಆ ಬೇಸಿಗೆಯ ಉಪಗ್ರಹ ಚಿತ್ರ. ಹಿಮ ಹಿಂದಕ್ಕೆ ಹೋಗಿತ್ತು. ಕಲ್ಲಿನ ಬೆನ್ನ ಹಿಂದೆ ಕೂದಲಷ್ಟು ಕಪ್ಪು ಗೆರೆ.

"ಅದು ನೆರಳಲ್ಲೇನು?" ಎಂದೆ.

"ಬೇರೆ ಬೇರೆ ಹೊತ್ತಿನ ಒಂಬತ್ತು ಚಿತ್ರ ನೋಡಿದೆ. ನೆರಳು ಜಾಗ ಬದಲಿಸುತ್ತೆ, ಇದು ಬದಲಿಸಲ್ಲ. ಇದು ನೀರು ಮಮ್ಮಿ. ಇದು ಮೂಗಲ್ಲ. ನಡುಗಡ್ಡಿ."

'ನಡುಗಡ್ಡಿ' ಎಂದು ಅವಳು ಹೇಳಿದ್ದು ಕನ್ನಡದಲ್ಲೇ. ನನ್ನ ಬಾಯಿಂದ ಕೇಳಿ ಕಲಿತಿದ್ದಳು.

ಅವಳ ಪ್ರೊಫೆಸರ್ ಒಬ್ಬ ಹೆಂಗಸು, ಐವತ್ತರ ಆಸುಪಾಸು, ಪ್ರತಿ ಎರಡು ವರ್ಷಕ್ಕೊಮ್ಮೆ ಸ್ವಾಲ್‌ಬಾರ್ಡಿಗೆ ತಂಡ ಕಟ್ಟಿಕೊಂಡು ಹೋಗುವವರು. ಚಿತ್ರ ನೋಡಿ, ಮುಂದಿನ ಬೇಸಿಗೆಯ ದೋಣಿಯ ದಾರಿಯಲ್ಲಿ ಆ ಜಾಗವನ್ನು ಸೇರಿಸಿದರು. ತಂಡದಲ್ಲಿ ಮಗಳ ಹೆಸರನ್ನೂ ಸೇರಿಸಿದರು. ಮನೆಗೆ ಬಂದ ಮಗಳು ಬೂಟು ಬಿಚ್ಚದೆ ಅಡುಗೆಮನೆಯವರೆಗೆ ಓಡಿಬಂದಳು.

ಮರುವಾರ ವಕೀಲನ ಜೊತೆ ವಿಡಿಯೋ ಕಾಲ್. ನಮ್ಮ ಪಾಸ್‌ಪೋರ್ಟಿನ ವೀಸಾ ಮುದ್ರೆ ಯಾವಾಗಲೋ ಮುಗಿದಿತ್ತು. ಒಳಗಿರುವ ತನಕ ತೊಂದರೆ ಇಲ್ಲ. ಹೊರಗೆ ಕಾಲಿಟ್ಟರೆ, ವಾಪಸ್ ಬರಲು ಹೊಸ ಮುದ್ರೆ ಬೇಕು.

"ಅಪಾಯಿಂಟ್‌ಮೆಂಟ್ ಸಿಗೋಕೆ ಎಷ್ಟು ತಿಂಗಳಾಗುತ್ತೋ ಹೇಳೋಕಾಗಲ್ಲ," ಎಂದು ವಕೀಲ ಹೇಳಿದ. "ಜನವರಿಗೆ ಇವಳು ಏಜ್ ಔಟ್ ಆಗ್ತಾಳೆ. ಅಷ್ಟರೊಳಗೆ ಮುದ್ರೆ ಸಿಗದಿದ್ದರೆ ಹೊರಗೇ ಉಳೀತಾಳೆ. ನಾನಾಗಿದ್ರೆ ಕಳಿಸ್ತಿರಲಿಲ್ಲ."

ಏಜ್ ಔಟ್. ಹಾಲಿನ ಡಬ್ಬಿಯ ಮೇಲಿನ ತಾರೀಖಿನಂತೆ ಹೇಳಿದ. ಮಗಳು ತೆರೆಯನ್ನೇ ನೋಡುತ್ತ ಕೂತಿದ್ದಳು. ನಾನು ಗಂಡನ ಕಡೆ ತಿರುಗಿದೆ.

"ಬಂದ ವರ್ಷನ ಗ್ರೀನ್ ಕಾರ್ಡಿನ ಸಲುವಾಗಿ ಕಂಪನಿಯವ್ರನ್ನ ಕೇಳ್ರಿ ಅಂತ ಬಡಕೊಂಡೆ. ಏನಂದ್ರಿ ನೀವು?"

"ಈಗ ಅದ್ಯಾಕ?"

"ಏನಂದ್ರಿ ಹೇಳ್ರಿ ಆಕಿ ಮುಂದ."

ಅವರು ಕಾಲ್ ಕಟ್ ಮಾಡಿ ಕನ್ನಡಕ ತೆಗೆದರು. "ಅವ್ರ ಕೇಳ್ತಾರ ತಡಿ, ಅಂದಿದ್ದೆ."

ಐದು ವರ್ಷ ತಡೆದೆವು. ಮೇಲಿನವರ ಮುಂದೆ ಬಾಯಿ ಬಿಡಲು ಇವರಿಗೆ ಸಂಕೋಚ. ಆ ಐದು ವರ್ಷ ಸಾಲಿನಲ್ಲಿ ನಮ್ಮ ಮುಂದೆ ಎಷ್ಟು ಸಾವಿರ ಜನ ನಿಂತರೋ. ಆವತ್ತು ನಾನು ಆಡಬಾರದ ಮಾತು ಆಡಿದೆ, ಅವರು ಒಂದಕ್ಕೂ ಎದುರಾಡಲಿಲ್ಲ. ಎದುರಾಡಿದ್ದರೆ ಚೆನ್ನಾಗಿತ್ತು. ಸುಮ್ಮನಿರುವ ಗಂಡಸಿನ ಮೇಲಿನ ಸಿಟ್ಟು ಬೇಗ ಆರುವುದಿಲ್ಲ. ನನ್ನ ಮೇಲೂ ಸಿಟ್ಟಿತ್ತು. ಬಡಕೊಂಡೆ ಎಂದೆನಲ್ಲ, ನಿಜವಾಗಿ ಎರಡು ಸಲ ಹೇಳಿ ನಾನೂ ಸುಮ್ಮನಾಗಿದ್ದೆ.

ಮೇ ತಿಂಗಳಲ್ಲಿ ತಂಡದವರು ಸ್ಯಾನ್ ಡಿಯಾಗೋದಲ್ಲಿ ಸಾಮಾನು ಪರೀಕ್ಷಿಸುವ ದಿನ ಇಟ್ಟುಕೊಂಡರು. ಮಗಳು ಹೋಗುವುದಿಲ್ಲವೆಂದು ಆಗಲೇ ತೀರ್ಮಾನವಾಗಿತ್ತು, ಆದರೂ ನಕ್ಷೆಗಳನ್ನು ಒಪ್ಪಿಸಲು ಅವಳೇ ಬರಬೇಕಿತ್ತು. ನಾನು ಡ್ರೈವ್ ಮಾಡಿದೆ. ದಾರಿಯುದ್ದಕ್ಕೂ ಅವಳು ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೂತಿದ್ದಳು.

ಕೊಲ್ಲಿಯ ದಡದಲ್ಲಿ ಒಂದು ಗೋದಾಮು, ಮುಂದೆ ದೋಣಿ ಕಟ್ಟುವ ಮರದ ಜೆಟ್ಟಿ. ರಬ್ಬರ್ ದೋಣಿ, ಡೇರೆ, ಕರಡಿ ಬಂದರೆ ಹೆದರಿಸುವ ಪಟಾಕಿಯಂಥ ಪಿಸ್ತೂಲು, ತಿಂಗಳಿಗಾಗುವಷ್ಟು ಒಣ ಊಟ, ಎಲ್ಲ ನೆಲದ ಮೇಲೆ ಹರಡಿತ್ತು. ತಣ್ಣೀರಿಗೆ ಬಿದ್ದರೂ ಮೈಗೆ ನೀರು ಸೋಕದ ಕಿತ್ತಳೆ ಬಣ್ಣದ ಸೂಟುಗಳನ್ನು ಒಂದೊಂದಾಗಿ ಹಾಕಿಕೊಂಡು ನೀರಿಗಿಳಿದು ನೋಡುತ್ತಿದ್ದರು. ಒಂದು ಸೂಟಿನ ಹುಡುಗಿ ಆವತ್ತು ಬಂದಿರಲಿಲ್ಲ. ಅವಳ ಅಳತೆ, ನನ್ನ ಮಗಳ ಅಳತೆ ಒಂದೇ.

"ನೀನು ಹಾಕಿಕೊಂಡು ಒಂದು ಸಲ ಇಳಿದು ನೋಡ್ತೀಯಾ?" ಎಂದು ಪ್ರೊಫೆಸರ್ ಕೇಳಿದರು. "ಸೋರುತ್ತಾ ಅಂತ ಗೊತ್ತಾಗಬೇಕು."

ಮಗಳು ಹಾಕಿಕೊಂಡಳು. ಜೆಟ್ಟಿಯ ಏಣಿಯಿಂದ ಇಳಿದು, ಬೆನ್ನ ಮೇಲೆ ಮಲಗಿ ತೇಲಿದಳು. ಕೈ ಎತ್ತಿ ಹೆಬ್ಬೆರಳು ತೋರಿಸಿದಳು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಹತ್ತು ನಿಮಿಷ ಹಾಗೇ ತೇಲಿದಳು, ಬೇರೆಯವಳು ಹಾಕಿಕೊಂಡು ಹೋಗಬೇಕಾದ ಬಟ್ಟೆಯಲ್ಲಿ.

ಪ್ರೊಫೆಸರ್ ನನ್ನ ಪಕ್ಕ ಬಂದು ನಿಂತರು. "ಅವಳ ಕೆಲಸ ತುಂಬ ಚೆನ್ನಾಗಿದೆ. ಈ ಸಲ ಆಗಲಿಲ್ಲ. ಮುಂದಿನ ಸಲ ಖಂಡಿತ ಬರ್ತಾಳೆ."

ಅವರು ಒಳ್ಳೆಯವರು. ಅದು ನನಗೆ ಗೊತ್ತು. ಆದರೆ ಆ 'ಮುಂದಿನ ಸಲ' ಕೇಳಿ ನನಗೆ ತಡೆಯಲಾಗಲಿಲ್ಲ. "ಮುಂದಿನ ಸಲದ ಹೊತ್ತಿಗೆ ಅವಳು ಈ ದೇಶದಲ್ಲಿ ಇರುವಂತಿಲ್ಲ," ಎಂದೆ. ನನ್ನ ಇಂಗ್ಲಿಷ್ ಸಿಟ್ಟು ಬಂದಾಗ ನೆಟ್ಟಗಾಗುತ್ತದೆ. "ನಾಲ್ಕು ವರ್ಷದವಳಿದ್ದಾಗ ಬಂದವಳು. ನಿಮ್ಮ ಶಾಲೆಯಲ್ಲಿ ಓದಿದಳು, ನಿಮಗೊಂದು ದ್ವೀಪ ಹುಡುಕಿಕೊಟ್ಟಳು. ಜನವರಿಯಲ್ಲಿ ಹೊರಡು ಅಂತಾರೆ. ಈ ಸಂಗತಿ ನಿಮಗೆ ಗೊತ್ತಿತ್ತಾ?"

ಅವರಿಗೆ ಗೊತ್ತಿರಲಿಲ್ಲ. "ಹೀಗೂ ಇರುತ್ತಾ?" ಎಂದರು. ಅಷ್ಟು ಓದಿದ ಹೆಂಗಸು, ಭೂಮಿಯ ತುದಿಯ ಹಿಮ ಎಷ್ಟಿದೆ ಎಂದು ಗೊತ್ತಿರುವ ಹೆಂಗಸು, ತನ್ನದೇ ದೇಶದ ಈ ನಿಯಮ ಕೇಳಿರಲಿಲ್ಲ. ಇಲ್ಲಿ ಯಾರೂ ಕೇಳಿರುವುದಿಲ್ಲ. ಪ್ರತಿ ಸಲ ನಾವೇ ವಿವರಿಸಬೇಕು, ಅವರು ಅಯ್ಯೋ ಎನ್ನಬೇಕು.

ಆಗಸ್ಟ್‌ನಲ್ಲಿ ತಂಡದಿಂದ ಫೋಟೋ ಬಂತು. ಕಪ್ಪು ಕಲ್ಲಿನ ಮೇಲೆ ಐದು ಜನ, ಅವರ ಹಿಂದೆ ದೋಣಿ ಸಾಗುವಷ್ಟು ನೀರು, ಆಚೆ ಹಿಮದ ಗೋಡೆ. 'ನೀನು ಹೇಳಿದ್ದೇ ಸರಿ, ಸುತ್ತು ಹಾಕಿ ಬಂದೆವು' ಎಂದು ಬರೆದಿದ್ದರು. ಮಗಳು ಆ ಫೋಟೋವನ್ನು ದೊಡ್ಡದು ಮಾಡಿ, ಜನರನ್ನು ಬಿಟ್ಟು ಅವರ ಕಾಲ ಕೆಳಗಿನ ಕಲ್ಲನ್ನು ನೋಡಿದಳು.

"ಪದರ ಪದರ ಇದೆ," ಎಂದಳು. ಆಮೇಲೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಕ್ಟೋಬರಿನಲ್ಲಿ ನಮ್ಮ ಕಡೆಯ ಒಬ್ಬರ ಮನೆಯಲ್ಲಿ ಬನ್ನಿ ಕೊಡಲು ಸೇರಿದ್ದೆವು. ತಟ್ಟೆ ಹಿಡಿದು ನಿಂತಾಗ ಬೆಂಗಳೂರಿನ ಕಡೆಯ ಒಬ್ಬ ಆಂಟಿ ಕೇಳಿದರು, "ಮಗಳ ವಿಷಯ ಏನ್ಮಾಡಿದ್ರಿ? ಒಬ್ಬ ಸಿಟಿಜನ್ ಹುಡುಗನ್ನ ನೋಡಿ ಮದುವೆ ಮಾಡ್ಬಿಡಿ. ಎಲ್ಲಾ ಸರಿಹೋಗತ್ತೆ."

"ಆಕಿಗೆ ಇಪ್ಪತ್ತು ವರ್ಷ ರೀ."

"ಎಂಗೇಜ್‌ಮೆಂಟ್ ಆದ್ರೂ ಮಾಡಿ."

ಪಕ್ಕದಲ್ಲಿದ್ದ ಅವರ ಗಂಡ ಮೊಸರನ್ನ ಬೆರೆಸುತ್ತ, "ನೋಡಿ, ನಾವೆಲ್ಲಾ ಲೈನ್‌ನಲ್ಲಿ ನಿಂತೇ ಬಂದಿರೋದು. ಪೇಷನ್ಸ್ ಇರ್ಬೇಕು," ಎಂದರು.

ಅವರು ಬಂದ ಕಾಲದಲ್ಲಿ ಆ ಲೈನು ಎರಡು ವರ್ಷದ್ದಿತ್ತು, ಅವರೇ ಹಿಂದೊಮ್ಮೆ ಹೇಳಿದ್ದು. ನಾನು ತಟ್ಟೆಯನ್ನು ಅವರ ಕೈಗೇ ಕೊಟ್ಟೆ. "ನಿಮ್ಮ ಮಗಾ ಇಲ್ಲೇ ಹುಟ್ಟಿದಾಂವ ಅಲ್ಲಾ ಅಂಕಲ್? ಅಂವ ಯಾವ ಲೈನಿನ್ಯಾಗ ನಿಂತಿದ್ದ?" ಎಂದೆ. ಗಂಡ ಬಂದು ನನ್ನ ಮೊಣಕೈ ಹಿಡಿದರು, ನಾನು ಬಿಡಿಸಿಕೊಂಡೆ. ಆ ಮನೆಯವರು ಆಮೇಲೆ ನಮ್ಮನ್ನು ಕರೆದಿಲ್ಲ.

ವಕೀಲ ಹೇಳಿದ ದಾರಿ, ಎಲ್ಲರೂ ಹಿಡಿಯುವ ದಾರಿ, ಮಗಳನ್ನು ವಿದೇಶಿ ವಿದ್ಯಾರ್ಥಿಯ ವೀಸಾಕ್ಕೆ ಬದಲಾಯಿಸುವುದು. ಅದಕ್ಕೆ ಅವಳು ತಾನು ಈ ದೇಶದಲ್ಲಿ ಉಳಿಯುವ ಉದ್ದೇಶವಿಲ್ಲ, ಓದು ಮುಗಿಸಿ 'ನನ್ನ ಊರಿಗೆ' ಹೋಗುತ್ತೇನೆ ಎಂದು ತೋರಿಸಬೇಕಿತ್ತು. ಅವಳು ಕಾಗದ ಓದಿ ಟೇಬಲ್ಲಿನ ಮೇಲೆ ಇಟ್ಟಳು.

"ಇದು ಸುಳ್ಳು."

"ಎಲ್ಲಾರೂ ಬರೀತಾರ, ಬರದು ಕೊಡು," ಎಂದರು ಅವಳಪ್ಪ.

"ಎಲ್ಲರೂ ಬರೀತಾರೆ ಅಂತ ನಾನೂ ಬರೀಬೇಕಾ ಪಪ್ಪಾ? ನನಗೆ ಇಲ್ಲೇ ಇರೋ ಆಸೆ ಇದೆ. ಅದನ್ನ ಯಾರೂ ಕೇಳ್ತಿಲ್ಲ. ಇಲ್ಲ ಅಂತ ಹೇಳು ಅಂತ ಮಾತ್ರ ಕೇಳ್ತಿದ್ದಾರೆ."

ಅವಳು ಲ್ಯಾಪ್‌ಟಾಪ್ ತೆರೆದು ನಮಗೆ ಒಂದು ಪುಟ ತೋರಿಸಿದಳು. ಸ್ವಾಲ್‌ಬಾರ್ಡಿನ ಮುಖ್ಯ ಊರಿನಲ್ಲಿ ಒಂದು ಯೂನಿವರ್ಸಿಟಿ ಕೇಂದ್ರವಿದೆ. ಅಲ್ಲಿ ಒಂದು ಸೆಮಿಸ್ಟರ್ ಹಿಮನದಿಗಳ ಕೋರ್ಸಿಗೆ ಅವಳು ಆಗಲೇ ಅಪ್ಲೈ ಮಾಡಿದ್ದಳು, ಸೀಟೂ ಸಿಕ್ಕಿತ್ತು. ಪ್ರೊಫೆಸರ್ ಪತ್ರ ಬರೆದುಕೊಟ್ಟಿದ್ದರು.

"ವೀಸಾ?" ಎಂದೆ.

"ಅಲ್ಲಿಗೆ ವೀಸಾ ಬೇಡ ಮಮ್ಮಿ. ಯಾವ ದೇಶದವರಿಗೂ ಬೇಡ. ಹಳೇ ಒಪ್ಪಂದ ಇದೆ. ಇಂಡಿಯಾನೂ ಅದರಲ್ಲಿ ಸೇರಿದೆ."

ನನಗೆ ನಂಬಿಕೆಯಾಗಲಿಲ್ಲ. ಆ ರಾತ್ರಿಯೇ ಕೂತು ನಾನೂ ಓದಿದೆ. ಕಲ್ಲಿದ್ದಲಿಗಾಗಿ, ಬೇಟೆಗಾಗಿ ಜಗಳವಾಡಿದ ದೇಶಗಳು ನೂರು ವರ್ಷದ ಹಿಂದೆ ಮಾಡಿಕೊಂಡ ಒಪ್ಪಂದ: ಆಳುವುದು ನಾರ್ವೆ, ಆದರೆ ಸಹಿ ಹಾಕಿದ ದೇಶಗಳ ಜನಕ್ಕೆಲ್ಲ ಅಲ್ಲಿ ಇರಲು, ದುಡಿಯಲು ಸಮಾನ ಹಕ್ಕು. ಬ್ರಿಟಿಷರ ಕಾಲದಲ್ಲಿ ಭಾರತದ ಹೆಸರಿನಲ್ಲೂ ಸಹಿ ಬಿದ್ದಿತ್ತು. ನನ್ನ ಮಗಳ ಪಾಸ್‌ಪೋರ್ಟಿಗೆ ಸಮನಾದ ಬೆಲೆ ಇರುವ ಜಾಗ ಭೂಮಿಯ ಮೇಲೆ ಒಂದಿದೆ, ಅದು ಮರ ಸಹ ಬೆಳೆಯದ ಜಾಗ. ಅದನ್ನು ಓದಿ ನನಗೆ ಸಂತೋಷವಾಗಬೇಕಿತ್ತು. ಸಿಟ್ಟು ನೆತ್ತಿಗೇರಿತು.

ಅದೂ ಅಷ್ಟು ಸುಲಭವಿರಲಿಲ್ಲ. ವೀಸಾ ಬೇಡದ ಜಾಗಕ್ಕೆ ಹೋಗುವ ವಿಮಾನ ನಾರ್ವೆಯ ಮೂಲಕವೇ ಹೋಗಬೇಕು, ನಾರ್ವೆ ದಾಟಲು ವೀಸಾ ಬೇಕು. ಲಾಸ್ ಏಂಜಲೀಸ್‌ನ ವೀಸಾ ಕಚೇರಿಯಲ್ಲಿ ಬೆರಳಚ್ಚು ಕೊಡಲು ನಾನೇ ಕರೆದುಕೊಂಡು ಹೋದೆ. ಗಾಜಿನ ಆಚೆಗಿದ್ದ ಯುವತಿ ಕಾಗದ ತಿರುವಿ ಕೇಳಿದಳು:

"ನಿಮ್ಮ ತಾಯ್ನಾಡು?"

"ಪಾಸ್‌ಪೋರ್ಟ್ ಇಂಡಿಯಾದ್ದು," ಎಂದಳು ಮಗಳು.

"ಕೊನೆಯ ಸಲ ಯಾವಾಗ ಹೋಗಿದ್ರಿ?"

"ಒಂಬತ್ತು ವರ್ಷದವಳಿದ್ದಾಗ."

"ಕೋರ್ಸ್ ಮುಗಿದ ಮೇಲೆ ಎಲ್ಲಿಗೆ ವಾಪಸ್ ಹೋಗ್ತೀರಿ?"

ಆ ಯುವತಿ ಕೆಟ್ಟವಳಲ್ಲ; ಎದುರಿನ ಫಾರ್ಮಿನಲ್ಲಿ ಒಂದು ಖಾನೆಯಿತ್ತು, ತುಂಬಬೇಕಿತ್ತು. ಕೊನೆಗೆ ನಾನು ಮುಂದೆ ಬಾಗಿ, "ಧಾರವಾಡ ಅಂತ ಬರೀರಿ," ಎಂದೆ. ಅವಳು ಅಕ್ಷರ ಕೇಳಿದಳು, ನಾನು ಒಂದೊಂದಾಗಿ ಹೇಳಿದೆ. ಮಗಳು ನನ್ನನ್ನು ನೋಡಿದ ನೋಟ ನೆನಪಿದೆ. ಅವಳು ಬರೆಯಲೊಲ್ಲದ ಸುಳ್ಳನ್ನು ಅವಳ ಪರವಾಗಿ ನಾನು ಹೇಳಿಬಿಟ್ಟಿದ್ದೆ.

ವೀಸಾ ಬಂತು. ಇಪ್ಪತ್ತೊಂದು ತುಂಬಲು ವಾರವಿದ್ದಾಗ ಅವಳು ಹೊರಟಳು. ಏರ್‌ಪೋರ್ಟಿನಲ್ಲಿ ಅವಳಪ್ಪ ಬ್ಯಾಗು ತೂಗುವುದರಲ್ಲೇ ಮುಳುಗಿದ್ದರು. ನಾನು ಅಳಲಿಲ್ಲ. ಅಳುವುದಕ್ಕೆ ಸ್ವಲ್ಪವಾದರೂ ಮೆತ್ತಗಾಗಬೇಕು, ನಾನು ಕಲ್ಲಾಗಿದ್ದೆ. ಹದಿನೇಳು ವರ್ಷ ಅವಳು ಶಾಲೆಯ ಬಾವುಟದ ಮುಂದೆ ಎದೆಯ ಮೇಲೆ ಕೈಯಿಟ್ಟು ಬೆಳೆದ ದೇಶ, ಅವಳು ಹೊರಟ ಬಾಗಿಲಲ್ಲಿ ಬೋರ್ಡಿಂಗ್ ಪಾಸ್ ಮಾತ್ರ ನೋಡಿತು. ಹೋಗುವವರನ್ನು ಯಾರೂ ಏನೂ ಕೇಳುವುದಿಲ್ಲ.

ಅವಳು ಇಳಿದದ್ದು ಸೂರ್ಯ ಕಾಣದ ಕಾಲದಲ್ಲಿ. ಮೊದಲ ವಾರಗಳ ಫೋನಿನಲ್ಲಿ ಅವಳ ಬೆನ್ನ ಹಿಂದಿನ ಕಿಟಕಿ ಯಾವಾಗಲೂ ಕಪ್ಪು. ಊರ ಗಡಿ ದಾಟುವಾಗ ಕರಡಿಗಾಗಿ ಬಂದೂಕು ಒಯ್ಯಬೇಕು, ಅದನ್ನು ಹೊಡೆಯಲು ಕಲಿತೆ ಎಂದಳು. ಫೆಬ್ರುವರಿಯಲ್ಲಿ ದಕ್ಷಿಣದ ಬೆಟ್ಟದ ಮೇಲೆ ತಿಳಿ ನೀಲಿ ಬೆಳಕು ಬಂತು, ಮಾರ್ಚಿನಲ್ಲಿ ಸೂರ್ಯ. ಸೆಮಿಸ್ಟರ್ ಮುಗಿದ ಮೇಲೆ ಅಲ್ಲೇ ಒಂದು ಪ್ರವಾಸಿ ಸಂಸ್ಥೆಯ ಉಗ್ರಾಣದಲ್ಲಿ, ಬೂಟು, ಸೂಟು ಒಣಗಿಸಿ ಜೋಡಿಸುವ ಕೆಲಸ ಸಿಕ್ಕಿತು. ಜೀವನದ ಮೊದಲ ಸಂಬಳದ ಕೆಲಸ. ಈಗ ಹಿಮನದಿಗಳ ಮೇಲೆ ಜನರನ್ನು ಕರೆದೊಯ್ಯುವ ಗೈಡುಗಳ ಜೊತೆ ಹೋಗುತ್ತಾಳೆ, ಉಳಿದ ಓದನ್ನು ಆನ್‌ಲೈನಿನಲ್ಲಿ ಮುಗಿಸುತ್ತಿದ್ದಾಳೆ.

ಆ ನಡುಗಡ್ಡೆಗಳು ಸ್ವರ್ಗವೆಂದು ನಾನು ಹೇಳುತ್ತಿಲ್ಲ. ಕಾಯಿಲೆ ಬಿದ್ದು ದುಡಿಯಲಾರದವರನ್ನು ಅಲ್ಲಿಂದಲೂ ಕಳಿಸುತ್ತಾರೆ. ಹೆರಿಗೆಗೆ ಮುಂಚೆಯೇ ನಾರ್ವೆಗೆ ಹೋಗಬೇಕು, ಮುಪ್ಪಿಗೂ ಅಲ್ಲಿ ಜಾಗವಿಲ್ಲ. ಹೊರಗಿನವರಿಗೆ ಊರಿನ ಚುನಾವಣೆಯಲ್ಲಿ ಇದ್ದ ಮತವನ್ನೂ ಈಚೆಗೆ ಮೊಟಕು ಮಾಡಿದ್ದಾರಂತೆ. ಅದನ್ನು ಹೇಳುವಾಗ ಮಗಳು ನಕ್ಕಳು. "ಎಲ್ಲಾ ಕಡೆ ಅಷ್ಟೇ ಮಮ್ಮಿ. ಇಲ್ಲಿ ಕಡೇಪಕ್ಷ ಮುಂಚೇನೇ ಹೇಳ್ತಾರೆ."

"ನಿನ್ನ ನಡುಗಡ್ಡಿಗೆ ಹೋಗಿದ್ದೇನು?" ಎಂದು ನಾನು ಒಮ್ಮೆ ಕೇಳಿದೆ.

"ಇಲ್ಲ. ಆ ಕಡೆ ಹಡಗು ಕಡಿಮೆ. ಅದನ್ನ ಆಗಲೇ ಅಳೆದು ಆಗಿದೆಯಲ್ಲ. ನನಗೆ ಈಗ ಬೇರೆ ಕೊಲ್ಲಿ ಮೇಲೆ ಕಣ್ಣಿದೆ."

ಅವಳು ಬಿಟ್ಟುಬಿಟ್ಟಿದ್ದಳು. ನನಗೆ ಅದೂ ತಡೆಯಲಾಗಲಿಲ್ಲ. ಆ ಕಲ್ಲಿನ ಮೇಲೆ ನಿಂತವರ ಫೋಟೋ ನನ್ನ ಫೋನಿನಲ್ಲಿ ಈಗಲೂ ಇದೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಕಳೆದ ವರ್ಷ ಅವಳು ನಮ್ಮನ್ನು ನೋಡಿಹೋಗಲು ಅಮೆರಿಕದ ಪ್ರವಾಸಿ ವೀಸಾಕ್ಕೆ ಹಾಕಿದಳು. ಎರಡು ನಿಮಿಷದ ಸಂದರ್ಶನ. ವಾಪಸ್ ಹೋಗುತ್ತೀರೆಂಬುದಕ್ಕೆ ಆಧಾರ ಸಾಲದು ಎಂದು ಒಂದು ಹಾಳೆ ಕೊಟ್ಟು ಕಳಿಸಿದರು. ಫೋನಿನಲ್ಲಿ ಅದನ್ನೆಲ್ಲ ಹೇಳಿ ಮುಗಿಸಿದಳು. "ನನ್ನ ರೂಮ್ ಹಂಗೇ ಅದನಾ?" ಎಂದು ಕೇಳಿದಳು, ಕನ್ನಡದಲ್ಲಿ.

ಹಾಗೇ ಇತ್ತು. ಫೋನಿಟ್ಟ ಮೇಲೆ ಅವಳ ಮಂಚದ ಮೇಲೆ ಕೂತು ನಾನು ಗಂಡನಿಗೆ ಹೇಳಿದೆ, "ನಾ ಹೋಗಾಕಿ."

"ನಿಂದೂ ಮುದ್ರಿ ಮುಗದೈತಿ," ಎಂದರು. "ಹೊಳ್ಳಿ ಬರಾಕ ಆಗಲಿಲ್ಲಂದ್ರ?"

"ಆಗಲಿಲ್ಲಂದ್ರ ಇಲ್ಲ."

"ಕೆಲಸ, ಮನಿ, ಇಷ್ಟ್ ವರ್ಷ ಕಾದದ್ದು..."

"ಕಾದದ್ದು ಯಾರಿಗಾಗಿ ರೀ?" ಎಂದೆ. ದನಿ ಏರಿಸಲಿಲ್ಲ. "ಆಕಿಗಾಗಿ ಅಂತ ಕಾದ್ವಿ. ಆಕೀನ ಇಲ್ಲ. ಈಗ ಯಾರ ಸಲುವಾಗಿ ಕಾಯೂದು?"

ಅವರು ಬಾಗಿಲಿಂದ ಒಳಗೆ ಬಂದು ಮಂಚದ ತುದಿಗೆ ಕೂತರು. ಆಮೇಲೆ, "ನನಗೂ ಒಂದು ಟಿಕೆಟ್ ನೋಡು," ಎಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಯಾರನ್ನೂ ಕೇಳದೆ ಆಡಿದ ಮೊದಲ ಮಾತು ಅದು.

ಜೂನ್‌ಗೆ ಹೊರಡುತ್ತೇವೆ. ನಾರ್ವೆ ದಾಟುವ ವೀಸಾ ಇಬ್ಬರಿಗೂ ಬಂದಿದೆ. ಅಮೆರಿಕದ ಮುದ್ರೆಗೆ ಎಲ್ಲಿಯೂ ಅಪಾಯಿಂಟ್‌ಮೆಂಟ್ ಸಿಕ್ಕಿಲ್ಲ, ಹುಡುಕುವುದನ್ನೂ ನಾನು ನಿಲ್ಲಿಸಿದ್ದೇನೆ. ನನ್ನ ಕಂಪನಿಗೆ ರಜೆಯ ಅರ್ಜಿ ಕಳಿಸುವಾಗ ವಾಪಸ್ ಬರುವ ತಾರೀಖಿನ ಜಾಗ ಖಾಲಿ ಬಿಟ್ಟೆ. ಮ್ಯಾನೇಜರ್ ಫೋನ್ ಮಾಡಿದ.

"ತಾರೀಖು ಹಾಕಿಲ್ವಲ್ಲ?"

"ಅದು ನನ್ನ ಕೈಯಲ್ಲಿಲ್ಲ."

"ಸುಮ್ಮನೆ ಒಂದು ತಾರೀಖು ಹೇಳಿ, ಸಿಸ್ಟಮ್ ಬಿಡಲ್ಲ."

ನಾನು ಹೇಳಲಿಲ್ಲ. ಅವನೇ ಆಗಸ್ಟ್ ಎಂದು ಹಾಕಿಕೊಂಡ.